ಕುಡಿತ ಬಿಡಲು ಮೊದಲ ಮೀಟಿಂಗ್‌ಗೆ ಹೋಗುವುದು ಹೇಗೆ? ಬೆಂಗಳೂರಿನವರಿಗೊಂದು ಮಾರ್ಗದರ್ಶಿ

"ಎ.ಎ. ಮೀಟಿಂಗ್ ಅಂತ ಕೇಳಿದೀನಿ. ಎಲ್ಲಿ ನಡೆಯುತ್ತೆ? ದುಡ್ಡು ಎಷ್ಟು? ಹೋದ ತಕ್ಷಣ ಎದ್ದು ನಿಂತು ಮಾತಾಡಬೇಕಾ? ಗುರುತಿನವರು ಸಿಕ್ಕಿಬಿಟ್ಟರೆ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಎ.ಎ. ಎಂದರೆ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು. ಮನೆಯವರು ಕೇಳುವುದು ಬೇರೆ: "ಅವರನ್ನ ಒಂದು ಸಲ ಕರ್ಕೊಂಡು ಹೋಗೋದು ಹೇಗೆ?" ಎರಡಕ್ಕೂ ಇಲ್ಲಿ ಉತ್ತರವಿದೆ.

ಮೀಟಿಂಗ್‌ಗೆ ಹೋಗಬೇಕೆಂದು ತೀರ್ಮಾನಿಸಿದವರಲ್ಲಿ ಅನೇಕರು ಬಾಗಿಲವರೆಗೂ ಬಂದು ವಾಪಸ್ ಹೋಗುತ್ತಾರೆ. ಮನಸ್ಸು ಗಟ್ಟಿಯಿಲ್ಲ ಎಂದು ಅವರನ್ನು ದೂರುವುದು ಸುಲಭ. ನಿಜವಾದ ಕಾರಣ ಎಷ್ಟೋ ಸಲ ತೀರಾ ಸಣ್ಣದಿರುತ್ತದೆ. ಮ್ಯಾಪ್ ತೋರಿಸಿದ ಜಾಗದಲ್ಲಿ ಬೋರ್ಡ್ ಇರಲಿಲ್ಲ, ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ತಡವಾಯಿತು, ಒಳಗೆ ಏನು ನಡೆಯುತ್ತದೋ ಗೊತ್ತಿರಲಿಲ್ಲ. ಇಂಥ ಅಡ್ಡಿಗಳನ್ನು ಮೊದಲೇ ತೆಗೆದುಹಾಕಬಹುದು.

1. ಮೊದಲು ದೇಹದ ಲೆಕ್ಕ ನೋಡಿ

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ದಿನವೂ ಹೆಚ್ಚು ಕುಡಿಯುವವರು "ನಾಳೆಯಿಂದ ಒಂದು ಹನಿಯೂ ಇಲ್ಲ" ಎಂದು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು. ಮದ್ಯಕ್ಕೆ ಒಗ್ಗಿಹೋದ ಮೆದುಳು ಅದು ಸಿಗದಿದ್ದಾಗ ತೋರಿಸುವ ಲಕ್ಷಣಗಳಿಗೆ ಡಾಕ್ಟರುಗಳು ವಿತ್‌ಡ್ರಾವಲ್ ಎನ್ನುತ್ತಾರೆ. ಕೊನೆಯ ಪೆಗ್ ಆದ ಆರೇಳು ಗಂಟೆಯಲ್ಲೇ ಕೈ ನಡುಕ, ಬೆವರು, ವಾಕರಿಕೆ, ನಿದ್ದೆಗೇಡು ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಸ್ಥಳ, ಸಮಯದ ಅರಿವು ತಪ್ಪುತ್ತದೆ. ಇಲ್ಲದ ಹುಳುಗಳು ಮೈಮೇಲೆ ಹರಿದಂತೆ ಕಾಣುತ್ತವೆ, ಜ್ವರ ಏರುತ್ತದೆ. ಇದು ಡೆಲಿರಿಯಮ್ ಟ್ರೆಮೆನ್ಸ್. ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ಸ್ಥಿತಿ ಇದಲ್ಲ, 108ಕ್ಕೆ ಕರೆ ಮಾಡಿ.

ಎಷ್ಟು ಕುಡಿಯುತ್ತೀರಿ ಎಂಬುದನ್ನು ಡಾಕ್ಟರಿಗೆ ಸರಿಯಾಗಿ ಹೇಳಬೇಕು. 42.8 ಶೇಕಡಾದ 30 ಎಂ.ಎಲ್. ವಿಸ್ಕಿ, ರಮ್ ಅಥವಾ ಬ್ರಾಂದಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಅದನ್ನು ಒಂದು ಯೂನಿಟ್ ಎನ್ನಿ. ಆ ಲೆಕ್ಕದಲ್ಲಿ ಒಂದು ನೈಂಟಿ (90 ಎಂ.ಎಲ್.) 3 ಯೂನಿಟ್, ಒಂದು ಕ್ವಾರ್ಟರ್ (180 ಎಂ.ಎಲ್.) 6. ಶೇಕಡಾ 8ರ 650 ಎಂ.ಎಲ್. ಸ್ಟ್ರಾಂಗ್ ಬಿಯರ್ ಬಾಟಲಿ 4 ಯೂನಿಟ್ ದಾಟುತ್ತದೆ. ಅಂದರೆ ಅದು ಒಂದು ನೈಂಟಿಗಿಂತ ಜಾಸ್ತಿ. "ನಾನು ಬರೀ ಬಿಯರ್" ಎನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಮೀಟಿಂಗ್‌ಗಿಂತ ಮೊದಲು ಡಾಕ್ಟರ್ ಬಳಿ ಹೋಗಬೇಕಾದವರು ಯಾರು? ಬೆಳಗ್ಗೆ ಎದ್ದ ಕೂಡಲೇ ನಡುಕ ನಿಲ್ಲಿಸಲು ಕುಡಿಯುವವರು. ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ಅಥವಾ ಮತಿಭ್ರಮೆಯಾದವರು. ದಿನಕ್ಕೆ ಕ್ವಾರ್ಟರ್ ಮೇಲೆ ತಿಂಗಳುಗಟ್ಟಲೆ ಕುಡಿದವರು. ಕಾಮಾಲೆ, ಹೊಟ್ಟೆಯಲ್ಲಿ ನೀರು, ರಕ್ತವಾಂತಿ ಕಂಡವರು. ನಿದ್ದೆಮಾತ್ರೆಯನ್ನೂ ಜೊತೆಗೆ ನುಂಗುವವರು. ಗರ್ಭಿಣಿಯರು. ಸಾಯುವ ಯೋಚನೆ ಬರುತ್ತಿರುವವರು.

ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಸೆಂಟರ್ ಫಾರ್ ಅಡಿಕ್ಷನ್ ಮೆಡಿಸಿನ್ ಇದೆ. ವಿಕ್ಟೋರಿಯಾ, ಸೇಂಟ್ ಜಾನ್ಸ್‌ನಂಥ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮನೋರೋಗ ವಿಭಾಗದಲ್ಲೂ ಚಿಕಿತ್ಸೆ ಸಿಗುತ್ತದೆ. ಬೆಳಗ್ಗೆ ಬೇಗ ಹೋಗಿ, ಜೊತೆಗೆ ಒಬ್ಬರು ಇರಲಿ. ಆಧಾರ್, ಹಳೆಯ ಚೀಟಿಗಳು, ಲಿವರ್ ಟೆಸ್ಟ್ ರಿಪೋರ್ಟ್, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ಸಾಮಾನ್ಯವಾಗಿ ಕೆಲವು ದಿನಗಳ ಕಾಲ ನಡುಕ ಮತ್ತು ಫಿಟ್ಸ್ ತಡೆಯುವ ಮಾತ್ರೆಯನ್ನು ಇಳಿಕೆಯ ಡೋಸ್‌ನಲ್ಲಿ ಕೊಡುತ್ತಾರೆ, ಜೊತೆಗೆ ಥಯಾಮಿನ್, ಅಂದರೆ ವಿಟಮಿನ್ ಬಿ-1. ಹೆಚ್ಚು ಕುಡಿಯುವ ಅನೇಕರ ದೇಹದಲ್ಲಿ ಥಯಾಮಿನ್ ಬರಿದಾಗಿರುತ್ತದೆ. ಅದಿಲ್ಲದೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಮೆದುಳಿಗೆ ಹಾನಿಯಾಗುವ ಅಪಾಯವಿದೆ. ಬೀದಿ ಕ್ಲಿನಿಕ್‌ನಲ್ಲಿ "ಸುಸ್ತು, ಒಂದು ಬಾಟಲ್ ಹಾಕಿ" ಎಂದು ಮಲಗುವಾಗ ಕುಡಿತದ ವಿಷಯವನ್ನು ಮುಚ್ಚಿಡಬೇಡಿ.

2. ಯಾವ ಗುಂಪು ಯಾವುದಕ್ಕೆ ಎಂದು ತಿಳಿದುಕೊಳ್ಳಿ

ಎ.ಎ. ಎಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್. ಕುಡಿತದಿಂದ ನರಳಿದವರೇ ಸೇರಿ, ಒಬ್ಬರ ಅನುಭವದಿಂದ ಇನ್ನೊಬ್ಬರು ಕುಡಿಯದೆ ಉಳಿಯುವ ಗುಂಪು. 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಒಬ್ಬ ಷೇರು ವ್ಯವಹಾರದವನಿಂದ ಮತ್ತು ಒಬ್ಬ ಶಸ್ತ್ರವೈದ್ಯನಿಂದ ಶುರುವಾಯಿತು, ಭಾರತಕ್ಕೆ 1957ರಲ್ಲಿ ಬಂತು. ಸೇರಲು ಬೇಕಾದ ಅರ್ಹತೆ ಒಂದೇ, ಕುಡಿತ ಬಿಡಬೇಕೆಂಬ ಆಸೆ. ಫೀಸು, ಸದಸ್ಯತ್ವದ ಅರ್ಜಿ, ಹಾಜರಿ ಪುಸ್ತಕ ಯಾವುದೂ ಇಲ್ಲ. ಎ.ಎ. ಔಷಧಿ ಕೊಡುವುದಿಲ್ಲ, ಅಡ್ಮಿಟ್ ಮಾಡಿಕೊಳ್ಳುವುದಿಲ್ಲ, ಕೆಲಸ ಕೊಡಿಸುವುದಿಲ್ಲ, ಸಾಲ ಕೊಡುವುದಿಲ್ಲ. ಅವನ್ನು ನಿರೀಕ್ಷಿಸಿ ಹೋದರೆ ನಿರಾಸೆ ಖಂಡಿತ.

"ಮಾತಾಡಿದರೆ ಕುಡಿತ ಹೋಗುತ್ತಾ?" ಎಂಬ ಅನುಮಾನ ಸಹಜ. 2020ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಆಪ್ತಸಮಾಲೋಚಕರು ವ್ಯವಸ್ಥಿತವಾಗಿ ಎ.ಎ.ಗೆ ಜೋಡಿಸಿದ ರೋಗಿಗಳಲ್ಲಿ, ಪೂರ್ತಿ ಕುಡಿಯದೆ ಉಳಿದವರ ಪ್ರಮಾಣ ಇತರ ಮಾನಸಿಕ ಚಿಕಿತ್ಸೆಗಳಿಗಿಂತ ಹೆಚ್ಚಿತ್ತು. ಆದ್ದರಿಂದ ಆಸ್ಪತ್ರೆಯಲ್ಲೇ "ನನ್ನನ್ನು ಎ.ಎ.ಗೆ ಜೋಡಿಸಿ" ಎಂದು ಕೇಳುವುದು ಒಳ್ಳೆಯದು.

ಮೀಟಿಂಗ್‌ಗಳಲ್ಲಿ ಎರಡು ಬಗೆ. ಓಪನ್ ಮೀಟಿಂಗ್‌ಗೆ ಯಾರು ಬೇಕಾದರೂ ಬರಬಹುದು, ಹೆಂಡತಿ, ಅಣ್ಣ, ಸ್ನೇಹಿತ, ವಿದ್ಯಾರ್ಥಿ. ಕ್ಲೋಸ್ಡ್ ಮೀಟಿಂಗ್ ಕುಡಿತದ ತೊಂದರೆಯಿರುವವರಿಗೆ ಮಾತ್ರ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗುವುದಾದರೆ ಓಪನ್ ಆರಿಸಿ.

ಕುಡಿಯುವವರ ಮನೆಯವರಿಗೆ ಅಲ್-ಅನಾನ್ ಎಂಬ ಬೇರೆಯೇ ಗುಂಪಿದೆ, 1951ರಲ್ಲಿ ಶುರುವಾದದ್ದು. ಶ್ರೀ ಕ್ಷೇತ್ರ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಗಳಿವೆ. ಊರಲ್ಲಿ ಶಿಬಿರ ಮಾಡಿ ಬೆಂಗಳೂರಿಗೆ ಬಂದವರು ಅಲ್ಲಿನ ಸಂಪರ್ಕ ಕಡಿದುಕೊಳ್ಳುವುದು ದೊಡ್ಡ ನಷ್ಟ. ಫೋನಿನಲ್ಲಾದರೂ ಅದನ್ನು ಉಳಿಸಿಕೊಂಡು, ಇಲ್ಲಿ ಎ.ಎ.ಗೂ ಹೋಗಬಹುದು. ದೇವರ ಮಾತು ಬೇಡವೆನ್ನುವವರಿಗೆ ಸ್ಮಾರ್ಟ್ ರಿಕವರಿ ಎಂಬ ಗುಂಪಿನ ಆನ್‌ಲೈನ್ ಸಭೆಗಳಿವೆ.

ಒಂದು ಗೊಂದಲ ಬಿಡಿಸಿಬಿಡೋಣ. ಡಿ-ಅಡಿಕ್ಷನ್ ಸೆಂಟರ್ ಅಥವಾ ರಿಹ್ಯಾಬ್ ಎಂದರೆ ತಂಗಿಸಿಕೊಂಡು ಚಿಕಿತ್ಸೆ ಕೊಡುವ, ಹೆಚ್ಚಾಗಿ ದುಡ್ಡು ತೆಗೆದುಕೊಳ್ಳುವ ಜಾಗ. ಅಲ್ಲಿ ಎ.ಎ.ಯ ಹನ್ನೆರಡು ಹೆಜ್ಜೆಗಳ, ಅಂದರೆ ಕುಡಿಯದೆ ಬದುಕಲು ಎ.ಎ. ಹಾಕಿಕೊಟ್ಟ ಕ್ರಮದ ಪಾಠ ಹೇಳಬಹುದು, ಆದರೆ ಅದು ಎ.ಎ. ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಖ್ಯಾನದಲ್ಲಿ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳೂ ಸೇರಿವೆ. ಇವುಗಳಿಗೆ ಒಳರೋಗಿಯಾಗಿ ಚಿಕಿತ್ಸೆ ಕೊಡುವ ಕೇಂದ್ರ ನೋಂದಣಿಯಾಗಿರಬೇಕು. ಸೇರುವ ಮೊದಲು ನೋಂದಣಿ ಪತ್ರ ತೋರಿಸಿ ಎಂದು ಕೇಳಿ, ಮನೋವೈದ್ಯರು ವಾರದಲ್ಲಿ ಎಷ್ಟು ದಿನ ಬರುತ್ತಾರೆ, ಮನೆಯವರು ಯಾವಾಗ ನೋಡಬಹುದು ಎಂದು ಕೇಳಿ. ಉತ್ತರ ತಪ್ಪಿಸುವ ಜಾಗ ಬೇಡ.

3. ಮೀಟಿಂಗ್ ಹುಡುಕುವುದು

ಗೂಗಲ್‌ನಲ್ಲಿ "ಎ.ಎ. ಮೀಟಿಂಗ್ ಬೆಂಗಳೂರು" ಎಂದು ಹುಡುಕಿದರೆ ಮೇಲ್ಗಡೆ ಬರುವುದರಲ್ಲಿ ದುಡ್ಡು ಕೊಟ್ಟು ಹಾಕಿಸಿದ ರಿಹ್ಯಾಬ್ ಜಾಹೀರಾತುಗಳಿರುತ್ತವೆ. ಅಲ್ಲಿನ ನಂಬರ್‌ಗೆ ಕರೆ ಮಾಡಿದರೆ "ನಮ್ಮಲ್ಲೇ ಮೀಟಿಂಗ್ ಇದೆ, ಗಾಡಿ ಕಳಿಸ್ತೀವಿ" ಎನ್ನುತ್ತಾರೆ. ತಿಂಗಳ ಪ್ಯಾಕೇಜಿನ ಮಾತು ಬಂದ ಕೂಡಲೇ ಫೋನ್ ಇಡಿ. ಎ.ಎ. ಭಾರತದ ಜನರಲ್ ಸರ್ವೀಸ್ ಆಫೀಸ್‌ನ ಅಧಿಕೃತ ಜಾಲತಾಣದಲ್ಲಿ ಊರಿನ ಪ್ರಕಾರ ಮೀಟಿಂಗ್ ಹುಡುಕಿ. ಆಸ್ಪತ್ರೆಯ ಸಮಾಜಕಾರ್ಯ ವಿಭಾಗದಲ್ಲಿ ಕೇಳುವುದು ಇನ್ನೂ ಸುಲಭ, ಅವರಿಗೆ ಗುಂಪುಗಳ ಪರಿಚಯವಿರುತ್ತದೆ. ಊರಿನ ಗುಂಪುಗಳನ್ನು ಒಟ್ಟುಗೂಡಿಸುವ ಇಂಟರ್‌ಗ್ರೂಪ್ ಎಂಬ ವ್ಯವಸ್ಥೆಯೂ ಇದೆ. ಅಲ್ಲಿ ಫೋನ್ ಎತ್ತುವವರೂ ಒಂದು ಕಾಲಕ್ಕೆ ಕುಡಿಯುತ್ತಿದ್ದು, ಆಮೇಲೆ ಬಿಟ್ಟವರೇ.

ಪಟ್ಟಿ ಸಿಕ್ಕಿದ ಮೇಲೆ ಹೀಗೆ ಸೋಸಿಕೊಳ್ಳಿ.

ಭಾಷೆ ಮೊದಲು. ಬೆಂಗಳೂರಿನಲ್ಲಿ ಕನ್ನಡ, ಇಂಗ್ಲಿಷ್, ತಮಿಳು, ಹಿಂದಿ ಮೀಟಿಂಗ್‌ಗಳು ನಡೆಯುತ್ತವೆ. ಇಂಗ್ಲಿಷ್ ಮೀಟಿಂಗ್ "ದೊಡ್ಡವರದ್ದು" ಎಂಬ ಭಾವನೆಯಿಂದ ಅಲ್ಲಿಗೆ ಹೋಗಿ ಬಾಯಿ ಬಿಡದೆ ಕೂತವರು ನಾಲ್ಕನೇ ವಾರ ಬರುವುದಿಲ್ಲ. ಮನೆಯಲ್ಲಿ ಜಗಳವಾಡುವುದು ಯಾವ ಭಾಷೆಯಲ್ಲೋ ಆ ಭಾಷೆಯ ಮೀಟಿಂಗ್ ಆರಿಸಿ. ಅವಮಾನ, ಭಯ, ಪಶ್ಚಾತ್ತಾಪದ ಮಾತು ಹೊರಬರುವುದು ಆ ಭಾಷೆಯಲ್ಲೇ.

ಆಮೇಲೆ ದೂರ. ಮೀಟಿಂಗ್‌ಗಳು ಹೆಚ್ಚಾಗಿ ಸಂಜೆ. ಬೆಂಗಳೂರಿನ ಸಂಜೆ ಎಂಥದ್ದೆಂದು ಹೇಳಬೇಕಿಲ್ಲ. ಯಲಹಂಕದ ಮನೆಯಿಂದ ಕೋರಮಂಗಲದ "ಒಳ್ಳೆ ಗುಂಪಿಗೆ" ವಾರಕ್ಕೆ ಮೂರು ದಿನ ಹೋಗುವ ಯೋಜನೆ ಎರಡನೇ ವಾರಕ್ಕೆ ಕುಸಿಯುತ್ತದೆ. ನಡೆದು ಹೋಗುವಷ್ಟು ಹತ್ತಿರ, ಇಲ್ಲವೇ ಒಂದೇ ಬಸ್ ಅಥವಾ ಒಂದೇ ಮೆಟ್ರೋ ಮಾರ್ಗದಲ್ಲಿ ಸಿಗುವುದನ್ನು ನೋಡಿ. ಏರಿಯಾದವರ ಕಣ್ಣಿಗೆ ಬೀಳುವ ಹಿಂಜರಿಕೆ ಇದ್ದರೆ ಆಫೀಸು ಅಥವಾ ಕೆಲಸದ ಜಾಗದ ಬಳಿಯದು ಹಿಡಿಯಿರಿ, ಟ್ರಾಫಿಕ್ ಇಳಿಯುವ ಹೊತ್ತಿಗೆ ಮೀಟಿಂಗ್ ಮುಗಿದಿರುತ್ತದೆ.

ಮೂರನೆಯದು ದಿನ. ನೀವು ಹೆಚ್ಚು ಕುಡಿಯುವುದು ಯಾವ ದಿನ, ಯಾವ ಹೊತ್ತು? ಶನಿವಾರ ಸಂಜೆಯೇ? ಸಂಬಳದ ದಿನವೇ? ಆ ಹೊತ್ತಿನ ಮೀಟಿಂಗನ್ನು ಮೊದಲು ಗುರುತು ಹಾಕಿ. ಒಂದೇ ಗುಂಪನ್ನು ನಂಬದೆ ಬೇರೆ ಬೇರೆ ದಿನದ ಮೂರು ಗುಂಪುಗಳನ್ನು ಬರೆದಿಟ್ಟುಕೊಳ್ಳಿ.

4. ಹೊರಡುವ ಮೊದಲು ಒಂದು ಫೋನ್

ಪಟ್ಟಿಯಲ್ಲಿರುವ ಜಾಗ, ಸಮಯ ಹಳತಾಗಿರಬಹುದು. ಗುಂಪುಗಳು ಸೇರುವುದು ಚರ್ಚ್, ಶಾಲೆ, ಸಮುದಾಯ ಭವನಗಳ ಕೋಣೆಗಳಲ್ಲಿ, ಬಾಡಿಗೆಗೆ ಅಥವಾ ಅನುಮತಿ ಪಡೆದು. ಪರೀಕ್ಷೆ, ಹಬ್ಬ, ಮದುವೆ ಬಂದರೆ ಕೋಣೆ ಬದಲಾಗುತ್ತದೆ. ಮ್ಯಾಪ್‌ನ ಗುರುತು ಮುಖ್ಯ ಗೇಟಿಗೆ ತಂದು ಬಿಡುತ್ತದೆ, ಕೋಣೆ ಹಿಂದಿನ ಮಹಡಿಯಲ್ಲಿರುತ್ತದೆ. ಫೋನ್ ಮಾಡಲು ಮಾತು ಹೊಳೆಯದಿದ್ದರೆ ಇಷ್ಟು ಸಾಕು:

"ನಮಸ್ಕಾರ ಸರ್, ಎ.ಎ. ನಂಬರ್ ಅಂತ ಸಿಕ್ತು. ನನಗೆ ಕುಡಿತದ ತೊಂದ್ರೆ ಇದೆ, ಮೀಟಿಂಗ್‌ಗೆ ಬರಬೇಕು ಅಂತಿದೀನಿ. ಬನಶಂಕರಿ ಹತ್ರ ಕನ್ನಡ ಮೀಟಿಂಗ್ ಯಾವತ್ತಿದೆ? ಓಪನ್ನಾ, ಕ್ಲೋಸ್ಡಾ? ಗೇಟಿಂದ ಒಳಗೆ ಬಂದ ಮೇಲೆ ಯಾವ ಕಡೆ?"

ಪೂರ್ತಿ ಹೆಸರು, ಕೆಲಸ, ವಿಳಾಸ ಹೇಳಬೇಕಿಲ್ಲ. "ಗೇಟ್ ಹತ್ರ ಯಾರಾದರೂ ಸಿಗ್ತಾರಾ?" ಎಂದು ಕೇಳಿ. ಹೊಸಬರನ್ನು ಹೊರಗೆ ನಿಂತು ಬರಮಾಡಿಕೊಳ್ಳುವುದು ಗುಂಪಿನವರಿಗೆ ಖುಷಿಯ ಕೆಲಸ. ಹೆಂಗಸರು ಇನ್ನೊಂದು ಪ್ರಶ್ನೆ ಸೇರಿಸಬೇಕು: "ಈ ಮೀಟಿಂಗ್‌ಗೆ ಬೇರೆ ಹೆಣ್ಣುಮಕ್ಕಳು ಬರ್ತಾರಾ?" ಇಲ್ಲವೆಂದರೆ ಎ.ಎ.ಯ ಒಬ್ಬ ಮಹಿಳಾ ಸದಸ್ಯೆಯ ಜೊತೆ ಮಾತಾಡಿಸಿ ಎಂದು ಕೇಳಿ, ಮಹಿಳೆಯರದೇ ಮೀಟಿಂಗ್ ಅಥವಾ ಆನ್‌ಲೈನ್ ಮೀಟಿಂಗ್‌ನಿಂದ ಶುರು ಮಾಡಿ.

ಗುಟ್ಟು ಕಾಪಾಡಿಕೊಳ್ಳುವ ಬಗ್ಗೆ ನಾಲ್ಕು ಮಾತು. ನೀವು ಕರೆ ಮಾಡಿದರೆ ಎದುರಿನವರ ಟ್ರೂಕಾಲರ್‌ನಲ್ಲಿ ನಿಮ್ಮ ಹೆಸರು, ಕೆಲವೊಮ್ಮೆ ಕಂಪನಿ ಹೆಸರೂ ಕಾಣುತ್ತದೆ. ಗುಂಪಿನ ವಾಟ್ಸಾಪ್‌ಗೆ ಸೇರಿದರೆ ನಂಬರ್ ಮತ್ತು ಡಿಪಿ ಎಲ್ಲರಿಗೂ ತೆರೆದಿರುತ್ತದೆ, ಮಕ್ಕಳ ಫೋಟೋ ಇದ್ದರೆ ಮರೆಮಾಡಿ. ಮೀಟಿಂಗ್‌ನಲ್ಲಿ ಹಣ ಹಾಕುವುದಾದರೆ ನಗದು ಹಾಕಿ, ಯುಪಿಐ ಮಾಡಿದರೆ ಬ್ಯಾಂಕಿನಲ್ಲಿರುವ ಪೂರ್ತಿ ಹೆಸರು ಹೋಗುತ್ತದೆ. ಕ್ಯಾಬ್ ಬುಕ್ ಮಾಡುವವರು ಎದುರಿನ ದರ್ಶಿನಿಯನ್ನೋ ಬಸ್ ಸ್ಟಾಪನ್ನೋ ಇಳಿಯುವ ಜಾಗವಾಗಿ ಹಾಕಬಹುದು.

ಗುರುತಿನವರು ಸಿಕ್ಕರೆ? ಅವರೂ ಅದೇ ಕಾರಣಕ್ಕೆ ಬಂದಿರುತ್ತಾರೆ. ಇಲ್ಲಿ ಯಾರನ್ನು ಕಂಡೆ, ಏನು ಕೇಳಿದೆ ಎಂಬುದನ್ನು ಹೊರಗೆ ಆಡಬಾರದೆಂಬುದು ಗುಂಪಿನ ಮೂಲ ಕಟ್ಟಳೆ. ಆದರೂ ಅದು ಕಾನೂನಿನ ಬೀಗವಲ್ಲ, ಜನರ ಮೇಲಿನ ನಂಬಿಕೆ. ಪೊಲೀಸ್ ಕೇಸು, ಕೋರ್ಟಿನ ವಿಷಯ, ಬೇರೆಯವರ ಗುಟ್ಟು ಇಂಥವನ್ನು ಡಾಕ್ಟರ್ ಅಥವಾ ವಕೀಲರ ಮುಂದೆ ಇಡಿ. ಮೀಟಿಂಗ್‌ನಲ್ಲಿ ಬೇಡ.

5. ಆ ದಿನ

ಮಧ್ಯಾಹ್ನ ಹೊಟ್ಟೆ ತುಂಬಾ ಊಟ ಮಾಡಿ, ಸಂಜೆ ಹೊರಡುವ ಮೊದಲು ಏನಾದರೂ ತಿನ್ನಿ. ಖಾಲಿ ಹೊಟ್ಟೆಯ ಚಡಪಡಿಕೆಯನ್ನು ಕುಡಿಯುವ ಆಸೆಯೆಂದೇ ಮೆದುಳು ಓದಿಕೊಳ್ಳುತ್ತದೆ. ಹೋಗುವ, ಬರುವ ದಾರಿಯಲ್ಲಿ ನಿಮ್ಮ ಮಾಮೂಲಿ ಬಾರ್ ಅಥವಾ ವೈನ್ ಶಾಪ್ ಬಾರದಂತೆ ದಾರಿ ಬದಲಿಸಿ. ಅದಕ್ಕೆ ಹದಿನೈದು ನಿಮಿಷ ಹೆಚ್ಚಾದರೂ ಪರವಾಗಿಲ್ಲ. ಜೇಬಿನಲ್ಲಿ ಬಸ್ಸಿಗೆ, ಕಾಫಿಗೆ ಆಗುವಷ್ಟು ಹಣವಿರಲಿ.

ಹತ್ತು ನಿಮಿಷ ಮುಂಚೆ ತಲುಪಿ. ತಡವಾಗಿ ಹೋದರೆ ಎಲ್ಲರ ಕಣ್ಣು ಬಾಗಿಲಿನತ್ತ ತಿರುಗುತ್ತದೆ, ಹೊಸಬರು ಹಿಮ್ಮೆಟ್ಟುವುದು ಅಲ್ಲೇ. ಬೋರ್ಡ್ ಇರುವುದಿಲ್ಲ ಅಥವಾ ಎರಡಕ್ಷರದ ಸಣ್ಣ ಬೋರ್ಡ್ ಇರುತ್ತದೆ. ವಾಚ್‌ಮನ್‌ಗೆ "ಮೀಟಿಂಗ್ ರೂಮ್ ಯಾವ್ ಕಡೆ ಅಣ್ಣಾ?" ಎಂದರೆ ಸಾಕು.

ಆ ದಿನ ಕುಡಿದುಬಿಟ್ಟಿದ್ದರೆ? ಹೋಗಬಹುದು. ಸುಮ್ಮನೆ ಹಿಂದೆ ಕೂತು ಕೇಳಿ, ಮಾತಾಡುವುದು ಬೇಡ, ಗಾಡಿ ಓಡಿಸಿಕೊಂಡು ಹೋಗುವುದಂತೂ ಬೇಡವೇ ಬೇಡ. ಬಾಟಲಿ ಇಟ್ಟುಕೊಂಡು ಒಳಗೆ ಹೋಗಬೇಡಿ.

6. ಒಳಗೆ ಏನು ನಡೆಯುತ್ತದೆ

ಒಂದರಿಂದ ಒಂದೂವರೆ ಗಂಟೆ. ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಹನ್ನೆರಡು ಹೆಜ್ಜೆಗಳ ಪಟ, ಎಷ್ಟೋ ಕಡೆ ಚಹಾ ಬಿಸ್ಕತ್ತು. ಒಬ್ಬರು ನಡೆಸಿಕೊಡುತ್ತಾರೆ, ಅವರನ್ನು ಚೇರ್‌ಪರ್ಸನ್ ಎನ್ನುತ್ತಾರೆ. ಅದು ಅಧಿಕಾರವಲ್ಲ, ಸರದಿ ಕೆಲಸ. ಒಂದು ಕ್ಷಣ ಮೌನ, ಚಿಕ್ಕ ಪ್ರಾರ್ಥನೆ, ಎ.ಎ. ಎಂದರೇನು ಎಂಬ ಪೀಠಿಕೆಯ ಓದು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ. ಇದೇ ಶೇರಿಂಗ್. "ನನ್ನ ಹೆಸರು ಇಂಥದ್ದು, ನಾನೊಬ್ಬ ಆಲ್ಕೋಹಾಲಿಕ್" ಎಂದು ಶುರು ಮಾಡುವುದು ರೂಢಿ. ನಡುವೆ ಬಾಯಿ ಹಾಕುವುದು, ಬುದ್ಧಿ ಹೇಳುವುದು, "ನೀವು ಹಾಗೆ ಮಾಡಬಾರದಿತ್ತು" ಎನ್ನುವುದು ಇಲ್ಲ.

ನಿಮ್ಮ ಸರದಿ ಬಂದರೆ "ನನ್ನ ಹೆಸರು ಇದು, ಇವತ್ತು ಕೇಳೋಕೆ ಬಂದಿದೀನಿ" ಎಂದು ಕೂತುಕೊಳ್ಳಬಹುದು. "ನಾನು ಆಲ್ಕೋಹಾಲಿಕ್" ಎಂದು ಮೊದಲ ದಿನವೇ ಒಪ್ಪಿಕೊಳ್ಳಬೇಕೆಂಬ ಒತ್ತಾಯವಿಲ್ಲ. ಒಂದು ಚೀಲ ಅಥವಾ ಬುಟ್ಟಿ ಸುತ್ತ ಬರುತ್ತದೆ, ಬಾಡಿಗೆ, ಚಹಾ, ಪುಸ್ತಕದ ಖರ್ಚಿಗೆ. ಹತ್ತು ಇಪ್ಪತ್ತು ರೂಪಾಯಿ ಹಾಕುವವರು ಹಾಕುತ್ತಾರೆ, ಹೊಸಬರು ಹಾಕದಿದ್ದರೆ ಯಾರೂ ನೋಡುವುದಿಲ್ಲ. ಹೊರಗಿನವರ ದೇಣಿಗೆಯನ್ನು ಎ.ಎ. ತೆಗೆದುಕೊಳ್ಳುವುದೇ ಇಲ್ಲ. ಕುಡಿಯದೆ ಒಂದು ವರ್ಷ, ಐದು ವರ್ಷ ಕಳೆದವರಿಗೆ ಪದಕ ಕೊಡುವ ದಿನ ನೀವು ಹೋದಿದ್ದರೆ ಆ ಮೀಟಿಂಗನ್ನು ಕೊನೆಯವರೆಗೂ ಕೂತು ನೋಡಿ.

ದೇವರ ಮಾತು ಬರುತ್ತದೆ. ಚರ್ಚ್ ಆವರಣ, ಪ್ರಾರ್ಥನೆ ಎಂದ ಕೂಡಲೇ "ಮತಾಂತರವೇ?" ಎಂದು ಹೆದರಿ ಮನೆಯವರು ತಡೆಯುವುದುಂಟು. ಕೋಣೆ ಸಿಕ್ಕಿದ್ದು ಅಲ್ಲಿ, ಅಷ್ಟೇ. ಎ.ಎ. ಯಾವ ಮತ, ಪಕ್ಷ, ಸಂಸ್ಥೆಗೂ ಸೇರಿದ್ದಲ್ಲ ಎಂದು ಅದರ ಪೀಠಿಕೆಯೇ ಹೇಳುತ್ತದೆ. ಹೆಜ್ಜೆಗಳಲ್ಲಿರುವುದು "ನಾವು ಅರಿತುಕೊಂಡಂತೆ ದೇವರು". ಅದು ಮಂಜುನಾಥನೂ ಆಗಬಹುದು, ಅಲ್ಲಾಹುವೂ ಆಗಬಹುದು, ದೇವರನ್ನು ನಂಬದವರಿಗೆ ಆ ಕೋಣೆಯಲ್ಲಿ ಕೂತ ಜನರೇ ಆಗಬಹುದು. ಪ್ರಾರ್ಥನೆಗೆ ದನಿಗೂಡಿಸಲು ಇಷ್ಟವಿಲ್ಲದಿದ್ದರೆ ಸುಮ್ಮನೆ ನಿಲ್ಲಿ.

ಮುಗಿದ ಕೂಡಲೇ ಓಡಬೇಡಿ. ಮೀಟಿಂಗ್‌ನ ಅರ್ಧ ಪ್ರಯೋಜನ ಇರುವುದು ಆಮೇಲಿನ ಹತ್ತು ನಿಮಿಷದಲ್ಲಿ. "ನಾನು ಹೊಸಬ, ಎರಡು ಮೂರು ನಂಬರ್ ಕೊಡ್ತೀರಾ?" ಎಂದು ಕೇಳಿ. ಗಂಡಸರು ಗಂಡಸರ ನಂಬರ್, ಹೆಂಗಸರು ಹೆಂಗಸರ ನಂಬರ್ ತೆಗೆದುಕೊಳ್ಳುವುದು ಒಳ್ಳೆಯ ರೂಢಿ. ಹೊಸಬರ ದುರ್ಬಲ ಗಳಿಗೆಯನ್ನು ದುರುಪಯೋಗ ಮಾಡಿಕೊಳ್ಳುವವರು ಎಲ್ಲಾ ಕಡೆ ಇರುವಂತೆ ಇಲ್ಲೂ ಇರಬಹುದು. ಯಾರಾದರೂ ಸಾಲ ಕೇಳಿದರೆ, ಒಂಟಿಯಾಗಿ ಮನೆಗೆ ಕರೆದರೆ, "ಡಾಕ್ಟರ್ ಮಾತ್ರೆ ಬಿಟ್ಟುಬಿಡು" ಎಂದರೆ ಅದು ಎ.ಎ.ಯ ಮಾತಲ್ಲ. ಗುಂಪಿನ ಹಿರಿಯರಿಗೆ ತಿಳಿಸಿ, ಬೇರೆ ಗುಂಪಿಗೆ ಹೋಗಿ. ಖಿನ್ನತೆಯ ಮಾತ್ರೆ, ಫಿಟ್ಸ್ ಮಾತ್ರೆ ನಿಲ್ಲಿಸುವ ತೀರ್ಮಾನ ಡಾಕ್ಟರದು.

ಆನ್‌ಲೈನ್ ಮೀಟಿಂಗ್ ಆದರೆ ಜೂಮ್‌ನಲ್ಲಿ ನಿಮ್ಮ ಹೆಸರನ್ನು ಒಳಗೆ ಹೋಗುವ ಮೊದಲೇ ಬದಲಿಸಿ, ಆಫೀಸಿನ ಖಾತೆ ಬಳಸಬೇಡಿ, ಇಯರ್‌ಫೋನ್ ಹಾಕಿ.

7. ಮೊದಲ ಮೂರು ತಿಂಗಳು

ಒಂದು ಮೀಟಿಂಗ್ ನೋಡಿ "ನನಗೆ ಹಿಡಿಸಲಿಲ್ಲ" ಎನ್ನಬೇಡಿ. ಕನಿಷ್ಠ ಮೂರು ಬೇರೆ ಗುಂಪುಗಳಲ್ಲಿ ಆರು ಮೀಟಿಂಗ್ ಮುಗಿಸಿ ಆಮೇಲೆ ತೀರ್ಮಾನಿಸಿ. ತೊಂಬತ್ತು ದಿನಕ್ಕೆ ತೊಂಬತ್ತು ಮೀಟಿಂಗ್ ಎಂಬ ಹಳೆಯ ಸಲಹೆಯಿದೆ. ದಿನಗೂಲಿಯವರಿಗೆ, ಶಿಫ್ಟ್ ಕೆಲಸದವರಿಗೆ ಅದು ಕಷ್ಟ. ವಾರಕ್ಕೆ ಮೂರು, ಉಳಿದ ದಿನ ಗುಂಪಿನ ಒಬ್ಬರಿಗೆ ಫೋನ್, ಇದು ನಮ್ಮ ಲೆಕ್ಕದಲ್ಲಿ ನಡೆಸಿಕೊಂಡು ಹೋಗಬಹುದಾದ ಪ್ರಮಾಣ. ಆಸೆ ಬಂದಾಗ ಮಾಡುವ ಫೋನ್ ಮೊದಲನೆಯದಾಗಿರಬಾರದು. ಆಸೆ ಇಲ್ಲದ ದಿನವೇ ಸುಮ್ಮನೆ ಮಾಡಿ ಅಭ್ಯಾಸವಾಗಿರಲಿ.

ಕೆಲವು ವಾರಗಳ ನಂತರ ಸ್ಪಾನ್ಸರ್ ಒಬ್ಬರನ್ನು ಕೇಳಿಕೊಳ್ಳಿ. ಸ್ಪಾನ್ಸರ್ ಎಂದರೆ ಇಲ್ಲಿ ದುಡ್ಡು ಹಾಕುವವರಲ್ಲ. ನಿಮಗಿಂತ ಮೊದಲು ಬಿಟ್ಟು, ಹನ್ನೆರಡು ಹೆಜ್ಜೆಗಳನ್ನು ದಾಟಿ, ಈಗ ನಿಮ್ಮ ಕೈ ಹಿಡಿದು ನಡೆಸುವವರು. ಮಾತು ಚಂದವಿರುವವರಿಗಿಂತ ನೀವು ಕರೆದಾಗ ಫೋನ್ ಎತ್ತುವವರನ್ನು ಆರಿಸಿ.

ಆಸೆ ಜೋರಾಗುವುದು ಸಾಮಾನ್ಯವಾಗಿ ನಾಲ್ಕು ಸಂದರ್ಭಗಳಲ್ಲಿ: ಹಸಿವು, ಕೋಪ, ಒಂಟಿತನ, ದಣಿವು. ಒಂದೊಂದು ಅಲೆ ಹೆಚ್ಚಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟರಲ್ಲಿ ತಿನ್ನಿ, ಜಾಗ ಬದಲಿಸಿ, ಫೋನ್ ಮಾಡಿ. ಕ್ಯಾಲೆಂಡರಿನಲ್ಲಿ ಅಪಾಯದ ದಿನಗಳನ್ನು ಮೊದಲೇ ಗುರುತು ಹಾಕಿ: ಹೊಸ ತೊಡಕು, ಬೀಗರ ಊಟ, ಗಣೇಶನನ್ನು ಬಿಡುವ ರಾತ್ರಿ, ಟೀಮ್ ಔಟಿಂಗ್, ಡಿಸೆಂಬರ್ 31. ಮೊದಲ ವರ್ಷ ಬೀಗರ ಊಟಕ್ಕೆ ಹೋಗದೆ ಬೇಸರ ಮಾಡಿಸಿದರೂ ತಪ್ಪಿಲ್ಲ. ಹೋಗಲೇಬೇಕಾದರೆ ಊಟದ ಹೊತ್ತಿಗೆ ಸರಿಯಾಗಿ ಹೋಗಿ, ಕೈ ತೊಳೆದ ಕೂಡಲೇ ಹೊರಡಿ. "ಮಾತ್ರೆ ತಗೋತಿದೀನಿ, ಡಾಕ್ಟ್ರು ಬೇಡ ಅಂದಿದಾರೆ" ಎಂಬ ಒಂದೇ ವಾಕ್ಯ ಸಾಕು, ವಿವರಣೆ ಕೊಡಲು ನಿಂತರೆ ಬಲವಂತ ಶುರುವಾಗುತ್ತದೆ.

ಕುಡಿತದಿಂದ ದೂರವಿರಲೆಂದು ಡಾಕ್ಟರ್ ಡೈಸಲ್ಫಿರಾಮ್ ಮಾತ್ರೆ ಬರೆದುಕೊಟ್ಟಿದ್ದರೆ ಇನ್ನಷ್ಟು ಎಚ್ಚರ. ಅದು ಒಳಗಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿ.ಪಿ. ಕುಸಿದು ಜೀವಕ್ಕೆ ಅಪಾಯವಾಗಬಹುದು. ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಅದರ ಪ್ರಭಾವವಿರುತ್ತದೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಆಲ್ಕೋಹಾಲ್ ಇದೆ. ನಮ್ಮ ಅರಿಷ್ಟ, ಆಸವಗಳಲ್ಲಿ ಹುದುಗಿನಿಂದಲೇ ಅದು ಹುಟ್ಟಿರುತ್ತದೆ. "ಆಯುರ್ವೇದ ತಾನೇ" ಎಂದು ದ್ರಾಕ್ಷಾರಿಷ್ಟ ಕುಡಿಯಬೇಡಿ.

8. ಮನೆಯವರಿಗೆ

ಕಾಂಪೌಂಡ್ ಗೋಡೆಗಳ ಮೇಲೆ, ಫೋನಿನಲ್ಲಿ "ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿ" ಎಂಬ ಜಾಹೀರಾತು ಬರುತ್ತದೆ. ಮುಟ್ಟಬೇಡಿ. ಅದರಲ್ಲಿ ಏನಿದೆಯೋ ನಿಮಗೆ ಗೊತ್ತಾಗುವುದಿಲ್ಲ. ಡೈಸಲ್ಫಿರಾಮ್ ಇದ್ದರೆ, ಅರಿಯದೆ ಕುಡಿದವರು ನಿಮ್ಮ ಕಣ್ಣೆದುರೇ ಕುಸಿಯಬಹುದು. ಡಾಕ್ಟರ್ ಕೊಟ್ಟ ಅದೇ ಮಾತ್ರೆಯನ್ನೂ ಕದ್ದು ಸಾಂಬಾರಿಗೆ ಹಾಕಬಾರದು.

ಕುಡಿದಿರುವಾಗ ಮೀಟಿಂಗ್ ಮಾತು ಎತ್ತಬೇಡಿ. ಬೆಳಗ್ಗೆ, ತಲೆ ತಿಳಿಯಾಗಿರುವಾಗ, ಮಕ್ಕಳಿಲ್ಲದ ಹೊತ್ತಿನಲ್ಲಿ ಹೇಳಿ: "ರೀ, ಶನಿವಾರ ಓಪನ್ ಮೀಟಿಂಗ್ ಇದೆಯಂತೆ. ನಾನೂ ಬರ್ತೀನಿ, ಕೂತು ಕೇಳಿ ಬರೋಣ." ಮಕ್ಕಳ ತಲೆ ಮುಟ್ಟಿಸಿ ಆಣೆ ಹಾಕಿಸುವುದರಿಂದ ಕುಡಿತ ನಿಲ್ಲುವುದಿಲ್ಲ, ಆಣೆ ಮುರಿದ ಅಪರಾಧ ಭಾವ ಇನ್ನೊಂದು ಕ್ವಾರ್ಟರ್‌ಗೆ ಕಾರಣವಾಗುತ್ತದೆ. ಅವರು ಬರಲಿ ಬಿಡಲಿ, ನೀವು ಅಲ್-ಅನಾನ್‌ಗೆ ಹೋಗಿ. ಆಫೀಸಿಗೆ ಸುಳ್ಳು ಫೋನ್ ಮಾಡುವುದು, ಸಾಲ ತೀರಿಸುವುದು ಇವನ್ನು ಎಲ್ಲಿ ನಿಲ್ಲಿಸಬೇಕೆಂದು ಅದೇ ದಾರಿ ನಡೆದ ಹೆಣ್ಣುಮಕ್ಕಳಿಂದ ತಿಳಿಯುತ್ತದೆ. ಹೊಡೆತ ಬಡಿತವಿದ್ದರೆ ಮೀಟಿಂಗ್‌ಗೆ ಕಾಯಬೇಡಿ, 112ಕ್ಕೆ ಕರೆ ಮಾಡಿ.

9. ಮಧ್ಯೆ ಮತ್ತೆ ಕುಡಿದರೆ

ಎಡವುವುದು ಸಾಮಾನ್ಯ. ಮುಚ್ಚಿಟ್ಟು ಗುಂಪಿನಿಂದ ದೂರವಾಗುವುದೇ ದೊಡ್ಡ ತಪ್ಪು. "ಹಾಳಾಯ್ತಲ್ಲ, ಇವತ್ತೊಂದಿನ ಪೂರ್ತಿ ಕುಡಿದು ನಾಳೆಯಿಂದ ನೋಡೋಣ" ಎಂಬ ಯೋಚನೆ ಬಂದ ಗಳಿಗೆಯಲ್ಲೇ ಸ್ಪಾನ್ಸರ್‌ಗೆ ಫೋನ್ ಮಾಡಿ, ಮುಂದಿನ ಮೀಟಿಂಗ್‌ಗೆ ಹೋಗಿ ಬಾಯಿಬಿಟ್ಟು ಹೇಳಿ. ಅಲ್ಲಿ ಯಾರೂ ಹೊರಗೆ ಹಾಕುವುದಿಲ್ಲ. ರಾತ್ರಿ ಯಾರೂ ಸಿಗದಿದ್ದರೆ ಟೆಲಿ-ಮಾನಸ್ 14416 ಹಗಲಿರುಳೂ ಇದೆ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಒಂದು ಸಂಜೆಯ ಎಡವು ಬೇರೆ, ವಾರಗಟ್ಟಲೆ ಮತ್ತೆ ಕುಡಿದದ್ದು ಬೇರೆ. ಎರಡನೆಯದಾದರೆ ಮೊದಲ ಹಂತಕ್ಕೆ ಹಿಂತಿರುಗಿ, ಮೀಟಿಂಗ್‌ಗಿಂತ ಮುಂಚೆ ಡಾಕ್ಟರನ್ನು ಕಾಣಿ. ಬಿಟ್ಟು ಹಿಡಿದು ಮಾಡಿದಂತೆಲ್ಲ ವಿತ್‌ಡ್ರಾವಲ್ ಹೆಚ್ಚು ಹೆಚ್ಚು ತೀವ್ರವಾಗುತ್ತಾ ಹೋಗಬಹುದು. ಕಳೆದ ಸಲ ಬರೀ ಕೈ ನಡುಗಿದವರಿಗೆ ಈ ಸಲ ಫಿಟ್ಸ್ ಬರಬಹುದು. ಹಳೆಯ ಚೀಟಿಯಲ್ಲಿರುವ, ನಡುಕ ಮತ್ತು ಫಿಟ್ಸ್ ತಡೆಯುವ ಮಾತ್ರೆಯನ್ನು ಮೆಡಿಕಲ್ ಶಾಪ್‌ನಿಂದ ತಂದು ನೀವೇ ನುಂಗಬೇಡಿ. ಆ ಮಾತ್ರೆ ಮತ್ತು ಮದ್ಯ ಒಟ್ಟಿಗೆ ಸೇರಿದರೆ ಉಸಿರಾಟ ನಿಲ್ಲುವ ಅಪಾಯವಿದೆ.